ಬೀಗ ತೆಗೆಯದೆ ಲೆಕ್ಕ: ನಿಮ್ಮ ಎಕ್ಸ್-ರೇ ಗುಟ್ಟಾಗಿ ಉಳಿಯಬಹುದೇ?

ಕೆಮ್ಮು ಎರಡು ವಾರ ದಾಟಿದರೆ ಕ್ಷಯದ ಪರೀಕ್ಷೆ ಮಾಡಿಸಿಕೊಳ್ಳಬೇಕು. ಚೆಂಬೂರಿನ ಹೋಟೆಲೊಂದರಲ್ಲಿ ದುಡಿಯುತ್ತ, ಐದಾರು ಮಂದಿಯೊಡನೆ ಒಂದೇ ಖೋಲಿಯಲ್ಲಿ ಮಲಗುವ ಉಡುಪಿ ಕಡೆಯ ಹುಡುಗನೊಬ್ಬ ಇದು ಗೊತ್ತಿದ್ದೂ ಎಕ್ಸ್-ರೇಗೆ ಹಿಂಜರಿಯುತ್ತಾನೆ ಎಂದುಕೊಳ್ಳಿ. ಅವನಿಗೆ ಕಾಯಿಲೆಗಿಂತ ಸುದ್ದಿಯ ಭಯ ಹೆಚ್ಚು. ಮಾಲೀಕರಿಗೆ ತಿಳಿದರೆ ಕೆಲಸ ಹೋದೀತು, ಊರಿಗೆ ತಿಳಿದರೆ ತಂಗಿಯ ಮದುವೆಗೆ ತೊಡಕಾದೀತು. ಹೀಗೆ ತಡ ಮಾಡಿದಷ್ಟೂ ಆ ಖೋಲಿಯ ಉಳಿದವರಿಗೂ ಸೋಂಕು ತಗಲುವ ಅಪಾಯ ಹೆಚ್ಚುತ್ತದೆ.

ಎದೆಯ ಎಕ್ಸ್-ರೇಯನ್ನು ಈಗ ಕಂಪ್ಯೂಟರ್ ಕೂಡ ಓದುತ್ತದೆ. 15 ವರ್ಷ ಮೇಲ್ಪಟ್ಟವರ ಕ್ಷಯ ತಪಾಸಣೆಗೆ ಇಂಥ ತಂತ್ರಾಂಶ ಬಳಸಬಹುದೆಂದು ವಿಶ್ವ ಆರೋಗ್ಯ ಸಂಸ್ಥೆ 2021ರಲ್ಲಿ ಶಿಫಾರಸು ಮಾಡಿತು. ಎಷ್ಟೋ ಸಲ ಈ ಕಂಪ್ಯೂಟರ್ ಎಕ್ಸ್-ರೇ ಕೋಣೆಯಲ್ಲಿ ಇರುವುದಿಲ್ಲ. ಚಿತ್ರವನ್ನು ಇಂಟರ್ನೆಟ್ ಮೂಲಕ ಬೇರೆಲ್ಲಿಗೋ ಕಳಿಸಲಾಗುತ್ತದೆ.

ದಾರಿಯಲ್ಲಿ ಯಾರಾದರೂ ನೋಡುತ್ತಾರೆಯೇ?

ಸರಿಯಾದ ವ್ಯವಸ್ಥೆಯಿದ್ದರೆ ದಾರಿಯಲ್ಲಿ ನೋಡಲಾಗದು. ಚಿತ್ರವನ್ನು ಗೂಢಲಿಪಿಗೆ ತಿರುಗಿಸಿ, ಅಂದರೆ ಎನ್‌ಕ್ರಿಪ್ಟ್ ಮಾಡಿ ಕಳಿಸುತ್ತಾರೆ. ಕೀಲಿ ಇಲ್ಲದವರಿಗೆ ಅದು ಅರ್ಥವಿಲ್ಲದ ಅಂಕಿಗಳ ರಾಶಿ. ಮುಂಬೈಯ ಡಬ್ಬಾವಾಲರನ್ನು ನೆನೆಯಿರಿ: ಡಬ್ಬಿ ಮನೆಯಿಂದ ಆಫೀಸಿಗೆ ಮುಟ್ಟುವವರೆಗೆ ಒಳಗೇನಿದೆ ಎಂದು ಹೊತ್ತವರಿಗೆ ತಿಳಿಯಬೇಕಿಲ್ಲ. ಆದರೆ ಸಾರಿಗೆ ಉಪ್ಪು ಹಾಕಬೇಕೆಂದರೆ ಮುಚ್ಚಳ ತೆಗೆಯಲೇಬೇಕು. ಕಂಪ್ಯೂಟರಿನದೂ ಇದೇ ಪಾಡು. ಚಿತ್ರವನ್ನು ಓದುವ ಹೊತ್ತಿಗೆ ಅದು ಬೀಗ ತೆಗೆಯುತ್ತದೆ. ಆ ಕ್ಷಣದಲ್ಲಿ ಅಲ್ಲಿಗೆ ನುಗ್ಗಿದವರಿಗೂ ಅಲ್ಲಿನ ಸಿಬ್ಬಂದಿಗೂ ಎಲ್ಲವೂ ಕಾಣಬಹುದು.

ಮುಚ್ಚಳ ತೆಗೆಯದೆ ಉಪ್ಪು ಹಾಕಲು ಸಾಧ್ಯವೇ ಎಂಬ ಪ್ರಶ್ನೆಯನ್ನು ರಿವೆಸ್ಟ್, ಏಡಲ್‌ಮನ್ ಮತ್ತು ಡೆರ್ಟೂಝೋಸ್ 1978ರಲ್ಲೇ ಕೇಳಿದ್ದರು. ಕೂಡುವುದು ಮತ್ತು ಗುಣಿಸುವುದು ಎರಡನ್ನೂ ಬೇಕಾದಷ್ಟು ಸಲ ಗೂಢಲಿಪಿಯ ಮೇಲೆಯೇ ಮಾಡುವ ಮೊದಲ ವಿಧಾನವನ್ನು ಕ್ರೇಗ್ ಜೆಂಟ್ರಿ ತೋರಿಸಿದ್ದು 2009ರಲ್ಲಿ. ಇದನ್ನು ಹೋಮೋಮಾರ್ಫಿಕ್ ಎನ್‌ಕ್ರಿಪ್ಷನ್ ಎನ್ನುತ್ತಾರೆ. ಇದರ ತೊಂದರೆ ನಿಧಾನ. ಪ್ರತಿ ಲೆಕ್ಕಕ್ಕೂ ಗೂಢಲಿಪಿಯಲ್ಲಿ ಒಂದಿಷ್ಟು ಕಲಬೆರಕೆ ಸೇರುತ್ತದೆ, ಅದು ಮಿತಿ ಮೀರುವ ಮೊದಲು ಶುದ್ಧಿ ಮಾಡಬೇಕು. 2011ರ ಒಂದು ಪ್ರಯೋಗದಲ್ಲಿ ಈ ಶುದ್ಧಿಗೇ ಒಮ್ಮೆಗೆ 30 ಸೆಕೆಂಡಿನಿಂದ 30 ನಿಮಿಷ ಹಿಡಿಯುತ್ತಿತ್ತು. ಈಗ ವೇಗ ಬಹಳ ಸುಧಾರಿಸಿದೆ. ಆದರೂ ಸಾಮಾನ್ಯ ಲೆಕ್ಕಕ್ಕೆ ಹೋಲಿಸಿದರೆ ದುಬಾರಿಯೇ.

ಇನ್ನೊಂದು ದಾರಿ: ಗುಟ್ಟನ್ನು ಹಂಚುವುದು

ಇದು ಕೈಯಲ್ಲೇ ಮಾಡಿ ನೋಡಬಹುದಾದ ಲೆಕ್ಕ. ಮೂರು ಕ್ಲಿನಿಕ್‌ಗಳಲ್ಲಿ ಈ ತಿಂಗಳು 14, 9 ಮತ್ತು 22 ಹೊಸ ಕ್ಷಯ ರೋಗಿಗಳಿದ್ದಾರೆ ಎಂದುಕೊಳ್ಳಿ. ಒಟ್ಟು ಮೊತ್ತ ಬೇಕು, ಆದರೆ ಯಾರೂ ತಮ್ಮ ಸಂಖ್ಯೆ ಹೇಳುವಂತಿಲ್ಲ. ನಿಯಮ ಒಂದೇ: ನೂರು ದಾಟಿದರೆ ಕೊನೆಯ ಎರಡು ಅಂಕಿ ಮಾತ್ರ ಉಳಿಸಿಕೊಳ್ಳಬೇಕು.

ಮೊದಲನೆಯವರು 14ನ್ನು 37, 58, 19 ಎಂದು ಒಡೆಯುತ್ತಾರೆ. ಕೂಡಿದರೆ 114, ಅಂದರೆ 14. ಎರಡನೆಯವರು 9ನ್ನು 81, 40, 88 ಎಂದು. ಮೂರನೆಯವರು 22ನ್ನು 5, 70, 47 ಎಂದು. ಪ್ರತಿಯೊಬ್ಬರ ಮೊದಲ ತುಂಡು ಒಂದು ಕಂಪ್ಯೂಟರಿಗೆ, ಎರಡನೆಯದು ಇನ್ನೊಂದಕ್ಕೆ, ಮೂರನೆಯದು ಮತ್ತೊಂದಕ್ಕೆ ಹೋಗುತ್ತದೆ. ಅವು ಕೂಡಿ ಕೊಡುವ ಉತ್ತರ 23, 68, 54. ಈ ಮೂರನ್ನೂ ಕೂಡಿದರೆ 145, ಅಂದರೆ 45. ಮೊತ್ತ ಸರಿಯಾಗಿದೆ, ಯಾವ ಕಂಪ್ಯೂಟರಿಗೂ 14 ಎಂಬ ಸಂಖ್ಯೆ ಕಾಣಲಿಲ್ಲ. ಮೂರೂ ಒಳಗೊಳಗೇ ಕೈ ಜೋಡಿಸಿದರೆ ಮಾತ್ರ ಗುಟ್ಟು ರಟ್ಟು.

ಎಕ್ಸ್-ರೇ ಚಿತ್ರವೂ ಚುಕ್ಕಿಗಳ ಸಂಖ್ಯೆಗಳೇ. ಅದನ್ನು ಓದುವ ತಂತ್ರಾಂಶ ಮಾಡುವುದು ಬಹುಪಾಲು ಕೂಡುವ, ಗುಣಿಸುವ ಕೆಲಸ. ಹಾಗಾಗಿ ಚಿತ್ರವನ್ನೂ ತುಂಡು ಮಾಡಿ ಲೆಕ್ಕ ಹಾಕಬಹುದು, ಗುಣಾಕಾರಕ್ಕೆ ಕಂಪ್ಯೂಟರ್‌ಗಳು ತಮ್ಮತಮ್ಮಲ್ಲಿ ಒಂದಿಷ್ಟು ಹೆಚ್ಚು ಮಾತಾಡಿಕೊಳ್ಳಬೇಕು ಅಷ್ಟೆ. ಬೆಂಗಳೂರಿನ ಮೈಕ್ರೋಸಾಫ್ಟ್ ರಿಸರ್ಚ್ ಇಂಡಿಯಾದ ತಂಡ 2020ರಲ್ಲಿ ಪ್ರಕಟಿಸಿದ ಕ್ರಿಪ್ಟ್‌ಫ್ಲೋ ಇದನ್ನೇ ಮಾಡಿ ತೋರಿಸಿತು. ಎದೆಯ ಎಕ್ಸ್-ರೇಯಿಂದ ಶ್ವಾಸಕೋಶದ ಕಾಯಿಲೆ ಊಹಿಸುವ ಡೆನ್ಸ್‌ನೆಟ್-121 ಎಂಬ ಜಾಲವನ್ನೂ ಅವರು ಹೀಗೆ ನಡೆಸಿದರು. ಆ ಗಾತ್ರದ ಜಾಲಕ್ಕೆ ಹಿಡಿದದ್ದು ಸುಮಾರು 30 ಸೆಕೆಂಡು. ಭಾಗವಹಿಸುವ ಕಂಪ್ಯೂಟರೇ ಮೋಸ ಮಾಡಬಹುದೆಂಬ ಶಂಕೆಗೂ ರಕ್ಷಣೆ ಬೇಕಾದರೆ ಎರಡು ನಿಮಿಷದೊಳಗೆ. ಚಿತ್ರ ಕಳಿಸಿದವರ ಚಿತ್ರ ಬಯಲಾಗಲಿಲ್ಲ, ತಂತ್ರಾಂಶದವರ ತಂತ್ರಾಂಶವೂ ಬಯಲಾಗಲಿಲ್ಲ. ಎಕ್ಸ್-ರೇಗೆ ಸರದಿಯಲ್ಲಿ ಕಾಯುವ ಹೊತ್ತಿನ ಮುಂದೆ ಎರಡು ನಿಮಿಷ ಏನೂ ಅಲ್ಲ.

ಇದರಿಂದ ಏನೇನು ಆಗುವುದಿಲ್ಲ?

ಲೆಕ್ಕ ನಡೆಯುವಾಗಿನ ಗುಟ್ಟನ್ನಷ್ಟೇ ಇದು ಕಾಯುತ್ತದೆ, ಉತ್ತರವನ್ನಲ್ಲ. ಒಂದು ಚಾಳಿನಲ್ಲಿ ಈ ತಿಂಗಳು ಒಬ್ಬ ರೋಗಿ ಎಂದು ವರದಿ ಬಂದರೆ, ಹೆಸರಿಲ್ಲದಿದ್ದರೂ ಅಕ್ಕಪಕ್ಕದವರಿಗೆ ಆ ಒಬ್ಬ ಯಾರೆಂದು ಗೊತ್ತಾಗುತ್ತದೆ. ಅದಕ್ಕೇ ಚಿಕ್ಕ ಸಂಖ್ಯೆಗಳನ್ನು ಪ್ರಕಟಿಸದಿರುವುದು ಅಥವಾ ದೊಡ್ಡ ಪ್ರದೇಶಕ್ಕೆ ಸೇರಿಸಿ ಹೇಳುವುದು ಬೇರೆಯೇ ಒಂದು ಎಚ್ಚರಿಕೆ.

ಕಾನೂನಿನ ಕರ್ತವ್ಯವೂ ಇದರಿಂದ ತಪ್ಪುವುದಿಲ್ಲ. 2012ರಿಂದ ಪ್ರತಿ ಕ್ಷಯ ರೋಗಿಯ ವಿವರವನ್ನು ಸರಕಾರಕ್ಕೆ ತಿಳಿಸುವುದು ಖಾಸಗಿ ವೈದ್ಯರಿಗೂ ಕಡ್ಡಾಯ. ಅದು ಚಿಕಿತ್ಸೆ ನಡುವೆ ನಿಲ್ಲದಂತೆ ನೋಡಿಕೊಳ್ಳಲು, ಅದಕ್ಕೆ ಅಂಜಬೇಕಿಲ್ಲ.

ಇನ್ನೊಂದು ಮಾತು. ಗಣಿತ ಎಷ್ಟೇ ಗಟ್ಟಿಯಿರಲಿ, ಎಕ್ಸ್-ರೇಯ ಫೋಟೊ ತೆಗೆದು ಹೆಸರಿನ ಸಮೇತ ವಾಟ್ಸ್‌ಆ್ಯಪ್ ಗ್ರೂಪಿಗೆ ಹಾಕಿದರೆ, ಅಥವಾ ಕೌಂಟರಿನಲ್ಲಿ ರೋಗದ ಹೆಸರು ಕೂಗಿ ಹೇಳಿದರೆ ಎಲ್ಲವೂ ವ್ಯರ್ಥ. ನನ್ನ ಮಟ್ಟಿಗೆ ಹೋಟೆಲಿನ ಹುಡುಗನ ಗುಟ್ಟು ಸೋರುವುದು ಹೆಚ್ಚಾಗಿ ಇಂಥ ಕಡೆಗಳಲ್ಲೇ.

ಎಕ್ಸ್-ರೇ ಸೆಂಟರಿನಲ್ಲಿ ನೀವು ಕೇಳಬಹುದಾದದ್ದು ಇಷ್ಟು: ಚಿತ್ರ ಹೊರಗೆ ಹೋಗುತ್ತದೆಯೇ, ಹೋದರೆ ಹೆಸರಿನ ಸಮೇತವೇ? ಬೀಗದ ಕೀಲಿ ಯಾರ ಬಳಿ ಇದೆ? ಎಷ್ಟು ದಿನ ಇಟ್ಟುಕೊಳ್ಳುತ್ತಾರೆ? ನಿಮ್ಮ ಮಾಹಿತಿಗೆ ತಕ್ಕ ಭದ್ರತೆ ಕೊಡದವರಿಗೆ 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯಲ್ಲಿ 250 ಕೋಟಿ ರೂಪಾಯಿವರೆಗೂ ದಂಡವಿದೆ. ಉತ್ತರ ಸಮಾಧಾನ ತರದಿದ್ದರೆ ಪರೀಕ್ಷೆಯನ್ನು ಬಿಡಬೇಡಿ, ಸೆಂಟರ್ ಬದಲಿಸಿ. ಸರಕಾರಿ ಮತ್ತು ಪಾಲಿಕೆಯ ಆಸ್ಪತ್ರೆಗಳಲ್ಲಿ ಕ್ಷಯದ ಪರೀಕ್ಷೆ, ಔಷಧಿ ಎರಡೂ ಉಚಿತ.