ಕೋಟೆಯಿಲ್ಲದ ಕೋಟೆಗುಡ್ಡ

ಫ್ರಾನ್ಸಿನ ದಕ್ಷಿಣ ಕರಾವಳಿಯ ವಿಹಾರ ನಗರ ನೀಸ್‌ಗೆ ಹೋದವರು ಅಲ್ಲಿನ ಕೋಟೆಗುಡ್ಡವನ್ನು ಹತ್ತದೆ ಬರುವುದು ಅಪರೂಪ. ಮೆಡಿಟರೇನಿಯನ್ ಸಮುದ್ರದ ಅಂಚಿನಲ್ಲೇ ಎದ್ದಿರುವ ಈ ಗುಡ್ಡದ ಎತ್ತರ 90 ಮೀಟರಿಗೆ ತುಸು ಹೆಚ್ಚು. ಪಶ್ಚಿಮಕ್ಕೆ ಬಿಲ್ಲಿನಂತೆ ಬಾಗಿದ ಕಡಲತೀರ, ಬುಡದಲ್ಲಿ ಹಳೆಯ ಪೇಟೆಯ ಹೆಂಚಿನ ಮಾಡುಗಳು, ಪೂರ್ವಕ್ಕೆ ಬಂದರು. ಆದರೆ ಕೋಟೆ ಎಲ್ಲಿದೆ ಎಂದು ಹುಡುಕಿದರೆ ಸಿಗುವುದು ಮರಗಳ ನೆರಳು ಮತ್ತು ಒಂದಿಷ್ಟು ಕಲ್ಲಿನ ಅಡಿಪಾಯ ಮಾತ್ರ. ಕೋಟೆ ನೆಲಸಮವಾಗಿ ಮುನ್ನೂರು ವರ್ಷಗಳೇ ಕಳೆದಿವೆ. ನೀಸ್ ವಿಹಾರ ನಗರವಾಗಿ ಬೆಳೆಯಲು ಈ ನಾಶವೂ ಒಂದು ಕಾರಣವಾಯಿತು ಎಂಬುದೇ ಸ್ವಾರಸ್ಯ.

ನೀಸ್ ಗ್ರೀಕ್ ವರ್ತಕರು ಕಟ್ಟಿದ ಊರು. ಮಧ್ಯಯುಗದಲ್ಲಿ ಜನವಸತಿ ಗುಡ್ಡದ ಮೇಲೇ ಇತ್ತು. 1388ರಲ್ಲಿ ಊರು ಸವಾಯ್ ಮನೆತನದ ಆಳ್ವಿಕೆಗೆ ಸೇರಿತು. ಫ್ರಾನ್ಸಿನ ಗಡಿಯಲ್ಲಿದ್ದುದರಿಂದ ಸವಾಯ್ ದೊರೆಗಳು 16ನೇ ಶತಮಾನದಲ್ಲಿ ಗುಡ್ಡದ ತುದಿಯನ್ನು ಪೂರ್ತಿ ಸೈನ್ಯಕ್ಕೆ ಬಿಟ್ಟುಕೊಟ್ಟರು. ಜನರು ಕೆಳಗಿನ ಪೇಟೆಗೆ ಇಳಿದರು. ಅವರು ಬಿಟ್ಟುಹೋದ ಹಳೆಯ ಪ್ರಧಾನ ಚರ್ಚಿನ ಅಡಿಪಾಯವನ್ನು ಇಂದಿಗೂ ಅಲ್ಲಿ ಕಾಣಬಹುದು.

1543ರಲ್ಲಿ ಫ್ರಾನ್ಸಿನ ದೊರೆ ಮತ್ತು ಆಟೋಮನ್ ನೌಕಾಪಡೆಯ ನಾಯಕ ಬಾರ್ಬರೋಸಾ ಒಟ್ಟಾಗಿ ಮುತ್ತಿಗೆ ಹಾಕಿದರು. ಪೇಟೆ ಬಿತ್ತು, ಕೋಟೆ ಬೀಳಲಿಲ್ಲ. ಕ್ಯಾಥರಿನ್ ಸೆಗುರಾನ್ ಎಂಬ ಬಟ್ಟೆ ಒಗೆಯುವ ಹೆಂಗಸು ತನ್ನ ಮರದ ಕೊಡತಿಯಿಂದಲೇ ಶತ್ರುವಿನ ಧ್ವಜಧಾರಿಯನ್ನು ಹೊಡೆದು ಕೆಡವಿದಳೆಂದು ಜನ ಹೇಳುತ್ತಾರೆ. ಆಕೆ ನಿಜವಾಗಿ ಇದ್ದಳೆಂಬುದಕ್ಕೆ ಗಟ್ಟಿ ದಾಖಲೆಯಿಲ್ಲ. ಆದರೂ ಊರಿಗೆ ಆಕೆಯೇ ವೀರವನಿತೆ.

ಕೋಟೆಯ ಅಂತ್ಯ ಬಂದದ್ದು 14ನೇ ಲೂಯಿಯ ಕಾಲದಲ್ಲಿ. 1691ರ ಮುತ್ತಿಗೆಯಲ್ಲಿ ಮದ್ದಿನ ಮನೆ ಸಿಡಿಯಿತು. 1706ರಲ್ಲಿ ಕೋಟೆ ಮತ್ತೆ ಫ್ರೆಂಚರ ಕೈಗೆ ಬಿದ್ದಾಗ ಲೂಯಿ ಅದನ್ನು ಕೆಡವಿಸಿಬಿಟ್ಟ. 1713ರಲ್ಲಿ ಊರು ಸವಾಯ್ ಮನೆತನಕ್ಕೆ ಮರಳಿದರೂ ಕೋಟೆಯನ್ನು ಯಾರೂ ಮತ್ತೆ ಕಟ್ಟಲಿಲ್ಲ.

ಕಾವಲಿನ ಊರಾಗಿದ್ದ ನೀಸ್ ಅಲ್ಲಿಂದ ಮುಂದೆ ಬದಲಾಗತೊಡಗಿತು. ಗೋಡೆಗಳಿಲ್ಲದ ಪೇಟೆ ಹರಡಿಕೊಂಡಿತು. 1749ರಿಂದ ಗುಡ್ಡದ ಪೂರ್ವಕ್ಕೆ ಹೊಸ ಬಂದರನ್ನು ಅಗೆದರು. ಚಳಿಗಾಲದ ಹಿತವಾದ ಬಿಸಿಲನ್ನು ಅರಸಿ ಶ್ರೀಮಂತ ಇಂಗ್ಲಿಷರು ಬರತೊಡಗಿದರು. 1820ರ ದಶಕದಲ್ಲಿ ಅವರ ಹಣದಿಂದಲೇ ತೀರದ ಕಾಲುದಾರಿ ಸಿದ್ಧವಾಯಿತು. ಅದೇ ಇಂದಿನ ಪ್ರಸಿದ್ಧ 'ಇಂಗ್ಲಿಷರ ವಿಹಾರಪಥ'. ಅದೇ ಶತಮಾನದಲ್ಲಿ ಬೋಳುಗುಡ್ಡಕ್ಕೆ ಮರಗಳನ್ನು ನೆಟ್ಟು ಉದ್ಯಾನ ಮಾಡಲಾಯಿತು.

ಇಂದಿನ ಆಕರ್ಷಣೆಗಳು ಬಹುಪಾಲು ಆ ಕಾಲದವೇ. ಸಮುದ್ರದ ಕಡೆಯ ದುಂಡನೆಯ ಬೆಲಾಂಡಾ ಗೋಪುರ ಹಳೆಯ ಕೋಟೆಯ ಭಾಗದಂತೆ ಕಂಡರೂ 19ನೇ ಶತಮಾನದಲ್ಲಿ ಕಟ್ಟಿದ್ದು. ಸಂಗೀತಗಾರ ಬರ್ಲಿಯೋಜ್ 1844ರಲ್ಲಿ ಇಲ್ಲಿ ತಂಗಿದ್ದ. ಮೇಲಿನ ಜಲಪಾತವೂ ಕೃತಕ. 1885ರಲ್ಲಿ ವೆಸುಬಿ ನದಿಯ ನೀರನ್ನು ಕಾಲುವೆಯಲ್ಲಿ ಊರಿಗೆ ತಂದಾಗ ಮಾಡಿದ್ದು. ಮಧ್ಯಾಹ್ನ 12ಕ್ಕೆ ಗುಡ್ಡದಿಂದ ಗುಂಡಿನ ಸದ್ದು ಕೇಳುತ್ತದೆ. ಹೆಂಡತಿ ಊಟದ ವೇಳೆ ಮರೆಯಬಾರದೆಂದು 1860ರ ದಶಕದಲ್ಲಿ ಸ್ಕಾಟ್ಲೆಂಡಿನವನೊಬ್ಬ ಈ ಪದ್ಧತಿ ಆರಂಭಿಸಿದನೆಂಬ ಕಥೆಯಿದೆ. ಈಗ ಸಿಡಿಸುವುದು ಬಾಣಬಿರುಸಿನ ಮದ್ದು.

ಗುಡ್ಡದ ಮೇಲೆ 1783ರ ಒಂದು ಸ್ಮಶಾನವೂ ಇದೆ. ಇಟಲಿಯ ಏಕೀಕರಣದ ನಾಯಕ ಗ್ಯಾರಿಬಾಲ್ಡಿಯ ತಾಯಿಯ ಸಮಾಧಿ ಇರುವುದು ಅಲ್ಲೇ. ಗ್ಯಾರಿಬಾಲ್ಡಿ ಹುಟ್ಟಿದ್ದು ನೀಸ್‌ನಲ್ಲಿ, 1807ರಲ್ಲಿ. 1860ರಲ್ಲಿ ಸವಾಯ್ ಮನೆತನ ಊರನ್ನು ಫ್ರಾನ್ಸಿಗೆ ಬಿಟ್ಟುಕೊಟ್ಟಾಗ ಆತ ಕಟುವಾಗಿ ವಿರೋಧಿಸಿದ, ಫಲವಾಗಲಿಲ್ಲ. ಶತಮಾನಗಳ ಕಾಲ ಫಿರಂಗಿಗಳಿಂದ ಕಾದ ಊರು ಕೊನೆಗೆ ಒಪ್ಪಂದದ ಕಾಗದದಲ್ಲಿ ಕೈಬದಲಾಯಿತು. ಯುನೆಸ್ಕೊ 2021ರಲ್ಲಿ ನೀಸ್ ಅನ್ನು ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು. ಆ ಮನ್ನಣೆ ದೊರೆತದ್ದೂ ಕೋಟೆಯ ಊರೆಂದಲ್ಲ, ಚಳಿಗಾಲದ ವಿಹಾರ ನಗರವೆಂದು.