ಕೊಲೆಗಾರ ಸಿಗದ ಕಥೆಗಳು

ಪತ್ತೇದಾರಿ ಕಾದಂಬರಿ ಓದುಗನಿಗೆ ಮೊದಲೇ ಒಂದು ಭರವಸೆ ಕೊಟ್ಟಿರುತ್ತದೆ: ಕೊನೆಯ ಪುಟದೊಳಗೆ ಕೊಲೆಗಾರ ಸಿಕ್ಕೇ ಸಿಗುತ್ತಾನೆ. ಎನ್. ನರಸಿಂಹಯ್ಯನವರ ಪತ್ತೇದಾರ ಪುರುಷೋತ್ತಮ ಕನ್ನಡಿಗರಿಗೆ ಈ ಭರವಸೆ ಕೊಡುತ್ತಿದ್ದ ಕಾಲದಲ್ಲಿ, ತೆಲುಗಿನಲ್ಲಿ ಆ ಕೆಲಸ ಡಿಟೆಕ್ಟಿವ್ ಯುಗಂಧರ್‌ನದು. ಅವನ ಸಹಾಯಕ ರಾಜು. ಇಬ್ಬರನ್ನೂ ಸೃಷ್ಟಿಸಿದವರು ಕೊಮ್ಮೂರಿ ಸಾಂಬಶಿವರಾವ್. ಹುಟ್ಟಿದ್ದು 1926ರಲ್ಲಿ, ವಿಜಯವಾಡಕ್ಕೆ ಹತ್ತಿರದ ತೆನಾಲಿಯಲ್ಲಿ.

ತೆಲುಗಿಗೆ ಈ ರುಚಿ ಹತ್ತಿದ್ದು ಅದಕ್ಕೂ ಹಿಂದೆ, ಬಂಗಾಳಿ ಪುಸ್ತಕಗಳಿಂದ. ಪಾಂಚಕೌಡಿ ದೇ ಬರೆದ ಪತ್ತೇದಾರಿ ಕಥೆಗಳು ಇಪ್ಪತ್ತನೇ ಶತಮಾನದ ಆರಂಭದ ದಶಕಗಳಲ್ಲೇ ತೆಲುಗಿಗೆ ಬಂದಿದ್ದವು. 1953ರಲ್ಲಿ ಆಂಧ್ರ ರಾಜ್ಯ ಬೇರೆಯಾಯಿತು, ಮದ್ರಾಸು ಆ ಕಡೆ ಉಳಿಯಿತು. ತೆಲುಗು ಪುಸ್ತಕೋದ್ಯಮ ಮೆಲ್ಲಗೆ ವಿಜಯವಾಡದತ್ತ ಸರಿಯಿತು. ನಾಲ್ಕು ದಿಕ್ಕಿನ ರೈಲು ಕೂಡುವ ಊರು. ಏಲೂರು ರಸ್ತೆಯಲ್ಲಿ ಕಟ್ಟಿದ ಪುಸ್ತಕದ ಕಟ್ಟು ಮರುದಿನ ದೂರದ ಊರಿನ ಅಂಗಡಿಯಲ್ಲಿರುತ್ತಿತ್ತು. ಅಲ್ಲಿಂದ ಬಾಡಿಗೆ ಲೈಬ್ರರಿಗೆ, ಲೈಬ್ರರಿಯಿಂದ ಮನೆಮನೆಗೆ.

ಕೊಮ್ಮೂರಿಯವರ ಒಂದು ಕಾದಂಬರಿಯ ಹೆಸರು ‘ಲಕ್ಷಾಧಿಕಾರಿ ಹತ್ಯ’. ಸತ್ತವನು ಯಾರೆಂದು ಆ ಹೆಸರೇ ಹೇಳುತ್ತದೆ. ಇಂಥ ಕಥೆಗಳಲ್ಲಿ ಸಾಯಬೇಕಾದರೂ ಆಸ್ತಿ ಇರಬೇಕು. ಬಂಗಲೆ, ಉಯಿಲು, ವಾರಸುದಾರರು, ಅವರಲ್ಲೊಬ್ಬ ತಪ್ಪಿತಸ್ಥ. ಅವನನ್ನು ಹಿಡಿದುಕೊಟ್ಟರೆ ಲೋಕ ಮತ್ತೆ ಸರಿಹೋಗುತ್ತದೆ. ಇವನ್ನು ಕೀಳೆಂದು ತಳ್ಳಿಹಾಕಬೇಕಿಲ್ಲ. ವಿಶಾಖಪಟ್ಟಣದ ಕಡೆಯ ಕವಿ ಆರುದ್ರ ‘ತ್ವಮೇವಾಹಂ’ ಬರೆದವರು, ‘ಸಮಗ್ರ ಆಂಧ್ರ ಸಾಹಿತ್ಯಂ’ ಎಂಬ ಸಾಹಿತ್ಯ ಚರಿತ್ರೆಯನ್ನೂ ಬರೆದವರು; ಅದೇ ಕೈಯಿಂದ ‘ಆನಕಟ್ಟ ಮೀದ ಹತ್ಯ’ದಂಥ ಪತ್ತೇದಾರಿ ಕಥೆಗಳನ್ನೂ ಬರೆದರು. ಸಾವಿರಾರು ಜನರಿಗೆ ಓದುವ ಚಟ ಹತ್ತಿಸಿದ್ದು ಇಂಥ ಪುಸ್ತಕಗಳೇ. ಅವುಗಳ ಕೊರತೆ ಬೇರೆ: ಅಪರಾಧ ಎಂದರೆ ಒಬ್ಬನ ತಪ್ಪು ಎಂದು ಅವು ನಂಬಿಸಿದವು.

ಈ ನಂಬಿಕೆಯನ್ನು ಕೆಡವಿದ ಲೇಖಕ ವಿಶಾಖಪಟ್ಟಣದಲ್ಲಿದ್ದರು. ರಾಚಕೊಂಡ ವಿಶ್ವನಾಥ ಶಾಸ್ತ್ರಿ (1922–1993), ಜನರ ಬಾಯಲ್ಲಿ ರಾವಿಶಾಸ್ತ್ರಿ, ವೃತ್ತಿಯಿಂದ ವಕೀಲರು. ಅವರ ‘ಆರು ಸಾರಾ ಕಥಲು’ ಪಾನನಿಷೇಧದ ಕಾಲದ ಆರು ಕಥೆಗಳು. ಸಾರಾಯಿ ಕಾಯಿಸುವವರು, ಮಾರುವವರು, ಮಾಮೂಲು ವಸೂಲಿ ಮಾಡುವ ಪೊಲೀಸರು, ಕೇಸು ನಡೆಸುವ ವಕೀಲರು. ಇಲ್ಲಿ ಪತ್ತೆ ಮಾಡುವುದಕ್ಕೆ ಏನೂ ಇಲ್ಲ. ಯಾರು ಏನು ಮಾಡುತ್ತಾರೆಂದು ಬೀದಿಯ ಮಕ್ಕಳಿಗೂ ಗೊತ್ತು. ಕಾನೂನು ಬಂದದ್ದರಿಂದಲೇ ಒಂದು ಕಳ್ಳ ವ್ಯಾಪಾರ ಬೆಳೆಯಿತು. ಅದರಲ್ಲಿ ಲಾಭ ಉಂಡವರು ಹೊರಗಿದ್ದರು, ಹಸಿದವರು ಕಟಕಟೆಯಲ್ಲಿ ನಿಂತರು. ಕೋರ್ಟಿನ ಭಾಷೆಯನ್ನೂ ಉತ್ತರಾಂಧ್ರದ ಕೇರಿಯ ಮಾತನ್ನೂ ಎದುರುಬದುರು ನಿಲ್ಲಿಸಿದಾಗ, ಯಾರ ಮಾತಿಗೆ ಅಲ್ಲಿ ಬೆಲೆ ಇಲ್ಲವೆಂದು ತಾನಾಗಿ ತಿಳಿಯುತ್ತದೆ.

ಅವರ ‘ಅಲ್ಪಜೀವಿ’ಯನ್ನು ಥ್ರಿಲ್ಲರ್ ಎಂದು ಯಾರೂ ಕರೆದಿಲ್ಲ. ಆದರೆ ಗುಮಾಸ್ತ ಸುಬ್ಬಯ್ಯನ ಹೆದರಿಕೆ ಯಾವ ಥ್ರಿಲ್ಲರಿಗೂ ಕಡಿಮೆಯದಲ್ಲ. ಕಂಟ್ರಾಕ್ಟರ್ ಗವರಯ್ಯನ ಹಣ ಕೈಗೆ ಬಂದಿದೆ. ಹಿಂದಿರುಗಿಸುವ ದಾರಿ ಕಾಣದು. ಹೆಣ ಬೀಳುವುದಕ್ಕೆ ಕಾಯಬೇಕಿಲ್ಲ, ಸಾಲ ಕೊಟ್ಟವನ ನೆರಳೇ ಸಾಕು.

ಕನ್ನಡದ ಬಹುಪಾಲು ಓದುಗರಿಗೆ ಪರಿಚಯವಾದ ತೆಲುಗು ಭಯ ಮಾತ್ರ ಇವೆರಡೂ ಅಲ್ಲ. ಅದು ಯಂಡಮೂರಿ ವೀರೇಂದ್ರನಾಥರದು. ‘ಆಂಧ್ರಭೂಮಿ’ ವಾರಪತ್ರಿಕೆಯಲ್ಲಿ ಧಾರಾವಾಹಿಯಾದ ‘ತುಳಸಿದಳಂ’ ಕನ್ನಡದಲ್ಲಿ ‘ತುಳಸಿದಳ’ವಾಗಿ ಓದಿಸಿಕೊಂಡಿತು, 1985ರಲ್ಲಿ ಕನ್ನಡ ಸಿನಿಮಾ ಆಯಿತು. ಯುರೋಪಿನ ಗಾಥಿಕ್ ಕಾದಂಬರಿಗೆ ಪಾಳುಬಿದ್ದ ಕೋಟೆ ಬೇಕಿತ್ತು. ಯಂಡಮೂರಿಗೆ ನಗರದ ಮಧ್ಯಮ ವರ್ಗದ ಮನೆಯೊಂದು ಸಾಕಾಯಿತು. ಪುಟ್ಟ ಹುಡುಗಿಯ ಮೇಲೆ ಕಾಷ್ಮೋರ ಪ್ರಯೋಗ, ಅದರ ಹಿಂದೆ ಆಸ್ತಿಯ ಆಸೆ. ಒಂದು ಕಡೆ ಡಾಕ್ಟರು, ಇನ್ನೊಂದು ಕಡೆ ಮಾಂತ್ರಿಕ. ಕಾಯಿಲೆಯೋ ಮಾಟವೋ ಎಂಬ ಅನುಮಾನವನ್ನು ಎಳೆದು ಹಿಡಿದಿರುವುದೇ ಕಾದಂಬರಿಯ ಬಲ. ತೆಲುಗು ವಿಮರ್ಶಕರು ಈ ಬಗೆಯ ಬರವಣಿಗೆಯನ್ನು ‘ಕ್ಷುದ್ರ ಸಾಹಿತ್ಯ’ ಎಂದು ಕರೆದರು. ಕ್ಷುದ್ರ ಎಂದರೆ ಮಾಟಮಂತ್ರದ್ದೂ ಹೌದು, ಕೀಳಾದದ್ದೂ ಹೌದು. ಆಕ್ಷೇಪದಲ್ಲಿ ಹುರುಳಿತ್ತು: ಮಾಟದ ಅನುಮಾನಕ್ಕೆ ನಿಜವಾದ ಮನುಷ್ಯರು ಪೆಟ್ಟು ತಿನ್ನುವ ನಾಡಿನಲ್ಲಿ ಮಾಟ ಬರೀ ಕಥೆಯಲ್ಲ. ಆದರೂ ಅಪಾಯ ಮನೆಯ ಹತ್ತಿರದವರಿಂದಲೇ ಬರಬಹುದು, ಅದೂ ದುಡ್ಡಿಗಾಗಿ ಬರಬಹುದು ಎಂದು ಗುರುತಿಸಿದ ಶ್ರೇಯ ‘ತುಳಸಿದಳ’ಕ್ಕೆ ಸಲ್ಲಬೇಕು.

ಪುಸ್ತಕಗಳ ಊರಿನಲ್ಲಿ ನಿಜವಾದ ಅಪರಾಧ ಇನ್ನೊಂದು ರೂಪದಲ್ಲಿತ್ತು. 1988ರ ಡಿಸೆಂಬರ್ 26ರಂದು ವಿಜಯವಾಡದಲ್ಲಿ, ಉಪವಾಸ ಕೂತಿದ್ದ ಶಾಸಕ ವಂಗವೀಟಿ ಮೋಹನರಂಗ ಅವರ ಕೊಲೆಯಾಯಿತು. ಊರು ಹೊತ್ತಿ ಉರಿಯಿತು. ಅದು ಬಂಗಲೆಯೊಳಗಿನ ಒಗಟಾಗಿರಲಿಲ್ಲ. ಗುಂಪುಗಳ ವರ್ಷಗಟ್ಟಲೆ ಹಗೆತನ, ಜಾತಿ, ರಾಜಕೀಯ ಎಲ್ಲ ಅದರ ಹಿಂದಿದ್ದವು. ಮರುವರ್ಷ ಬಂದ ‘ಶಿವ’ ಸಿನಿಮಾದ ನಿರ್ದೇಶಕ ರಾಮಗೋಪಾಲ್ ವರ್ಮಾ ಓದಿದ್ದು ವಿಜಯವಾಡದ ಇಂಜಿನಿಯರಿಂಗ್ ಕಾಲೇಜಿನಲ್ಲಿ. ಆ ಚಿತ್ರದಲ್ಲಿ ಪತ್ತೇದಾರ ಇಲ್ಲ. ರೌಡಿ ಯಾರು, ಅವನ ಬೆನ್ನಿಗಿರುವ ರಾಜಕಾರಣಿ ಯಾರು ಎಂಬುದು ಎಲ್ಲರಿಗೂ ಗೊತ್ತು. ರಾವಿಶಾಸ್ತ್ರಿ ದಶಕಗಳ ಹಿಂದೆ ಹೇಳಿದ್ದು ಪರದೆಯ ಮೇಲೆ ಬೇರೆ ವೇಷದಲ್ಲಿ ಬಂದಂತಿತ್ತು.

ಯುಗಂಧರ್ ಒಂದು ರಾತ್ರಿಯ ಸುಖದ ಓದು. ‘ತುಳಸಿದಳ’ ಓದಿದ ರಾತ್ರಿ ದೀಪ ಆರಿಸಲು ಹಿಂಜರಿಕೆ. ರಾವಿಶಾಸ್ತ್ರಿಯ ಭಯ ಹಗಲಿನದು: ಅಲ್ಲಿ ಕೊಲೆಗಾರನ ಹೆಸರು ಗೊತ್ತಿದ್ದೂ ಸಾಕ್ಷಿ ಹೇಳಲು ಯಾರೂ ಬರುವುದಿಲ್ಲ.