ವಿರೂಪಾಪುರ ಗಡ್ಡೆ: ಹೊಳೆ ಕಾಯ್ದ ನೆಲ

ಹಂಪಿಯ ವಿರೂಪಾಕ್ಷ ಗುಡಿಯ ಪಕ್ಕದಿಂದ ಹೊಳೆಗೆ ಇಳಿದರೆ ಎದುರು ದಡದಲ್ಲಿ ಕಾಣುವುದೇ ವಿರೂಪಾಪುರ ಗಡ್ಡೆ. ಸುತ್ತಿನ ಊರವರ ಬಾಯಲ್ಲಿ ಬರಿಯ ‘ಗಡ್ಡಿ’. ತುಂಗಭದ್ರೆ ಕವಲೊಡೆದು ಮತ್ತೆ ಕೂಡುವ ನಡುವೆ ಉಳಿದ ನೆಲವಿದು. ಈಚೆ ದಡ ವಿಜಯನಗರ ಜಿಲ್ಲೆಗೆ ಸೇರಿದರೆ ಗಡ್ಡೆ ಕೊಪ್ಪಳ ಜಿಲ್ಲೆಯ ಗಂಗಾವತಿ ತಾಲೂಕಿನದು.

ಇಲ್ಲಿನ ಗುಂಡುಕಲ್ಲುಗಳ ರಾಶಿ ಕಂಡವರು ಇದು ಜ್ವಾಲಾಮುಖಿಯ ಕೆಲಸವೇ ಎಂದು ಕೇಳುವುದುಂಟು. ಅಲ್ಲ. ನೆಲದಾಳದಲ್ಲಿ ನಿಧಾನವಾಗಿ ಆರಿ ಗಟ್ಟಿಯಾದ ಗ್ರಾನೈಟು, ವಯಸ್ಸು ಸುಮಾರು 250 ಕೋಟಿ ವರ್ಷ. ಮೇಲಿನ ಪದರ ಸವೆದುಹೋಗಿ, ಬಿರುಕುಗಳಲ್ಲಿ ನೀರಿಳಿದು, ಮೂಲೆಗಳು ಉದುರಿ ಬಂಡೆಗಳು ದುಂಡಗಾದವು. ಲಾವಾ ಉಕ್ಕಿದ ಗುರುತು ಬೇಕಿದ್ದರೆ ಸಂಡೂರಿಗೆ ಹೋಗಬೇಕು. ಅಲ್ಲಿನ ಬೆಟ್ಟಗಳಲ್ಲಿ ಕಬ್ಬಿಣದ ಅದಿರಿನ ಜೊತೆಗೇ ಹಂಪಿಯ ಬಂಡೆಗಳಿಗಿಂತ ಹಳೆಯ ಲಾವಾ ಶಿಲೆಗಳಿವೆ. ಊರಿನ ಹಿರಿಯರ ಲೆಕ್ಕವೇ ಬೇರೆ. ಇದು ಕಿಷ್ಕಿಂಧೆ; ವಾಲಿ ಸುಗ್ರೀವರು ಕಾದಾಡುವಾಗ ಎಸೆದಾಡಿದ ಕಲ್ಲುಗಳೇ ಹೀಗೆ ಬಿದ್ದಿವೆ.

ಗಡ್ಡೆಯ ನಿಜವಾದ ಆಸ್ತಿ ಅಲ್ಲಿನ ಕಲ್ಲಿನ ಮೇಲ್ಗಾಲುವೆ. ವಿಜಯನಗರದ ಅರಸ ಬುಕ್ಕನ ಹೆಸರಿನಲ್ಲಿ ಕರೆಯುವ ಈ ರಚನೆಯಲ್ಲಿ ಗ್ರಾನೈಟು ಕಂಬಗಳು ಸಾಲಾಗಿ ನಿಂತಿವೆ, ಅವುಗಳ ತಲೆಯ ಮೇಲೆ ಉದ್ದುದ್ದ ಕಲ್ಲುತೊಲೆ. ಹೊಳೆಯ ಕವಲಿನ ಮೇಲೆ ನೀರು ದಾಟಿಸಲು ಮಾಡಿದ ಏರ್ಪಾಡು. ಕಂಬದ ಮೈಯಲ್ಲಿ ದೇವರಿಲ್ಲ, ಬಳ್ಳಿಯಿಲ್ಲ, ಬರಿಯ ಉಳಿಯೇಟು. ಹಂಪಿಯ ಕಲ್ಲಿನ ರಥವನ್ನು ನೋಡಲು ಬರುವವರಲ್ಲಿ ಹೆಚ್ಚಿನವರು ಇದರತ್ತ ತಲೆ ಹಾಕುವುದಿಲ್ಲ. ನನ್ನ ಮಟ್ಟಿಗೆ ವಿಜಯನಗರದವರ ಬುದ್ಧಿ ಕಾಣುವುದು ಇಲ್ಲಿಯೇ. ರಾಜಧಾನಿಗೆ ಸಿಂಹಾಸನ ಎಷ್ಟು ಬೇಕೋ ನೀರೂ ಅಷ್ಟೇ ಬೇಕಿತ್ತು. ಹಂಪಿಯ ಕಡೆ ಅವರ ಕಾಲದ ‘ತುರ್ತು’ ಎಂಬ ಕಾಲುವೆ ಇಂದಿಗೂ ಬಾಳೆತೋಟಗಳಿಗೆ ನೀರುಣಿಸುತ್ತಿದೆ.

ಹೊಳೆ ದಾಟುವ ರೀತಿಯೂ ಹಳೆಯದೇ. 1520ರ ಸುಮಾರಿಗೆ ಬಂದಿದ್ದ ಪೋರ್ಚುಗೀಸ ದೊಮಿಂಗೊ ಪಾಯೆಸ್, ಒಳಗೆ ಬೆತ್ತ ಹೆಣೆದು ಹೊರಗೆ ಚರ್ಮ ಹೊದಿಸಿದ, ಬುಟ್ಟಿಯಂತೆ ದುಂಡಗಿನ ದೋಣಿಗಳಲ್ಲಿ ಹದಿನೈದಿಪ್ಪತ್ತು ಜನ ದಾಟುತ್ತಿದ್ದರೆಂದೂ ಬೇಕಾದರೆ ಕುದುರೆ, ಎತ್ತುಗಳನ್ನೂ ಸಾಗಿಸುತ್ತಿದ್ದರೆಂದೂ ಬರೆದಿಟ್ಟಿದ್ದಾನೆ. ಅದೇ ನಮ್ಮ ಹರಿಗೋಲು.

ಕಳೆದ ಶತಮಾನದ ಕೊನೆಯ ದಶಕಗಳಲ್ಲಿ ಗಡ್ಡೆಗೆ ಹೊಸ ನೆಂಟರು ಬಂದರು. ಭತ್ತದ ಗದ್ದೆಯ ಬದುವಿಗೆ ಅಂಟಿಕೊಂಡು ಗುಡಿಸಲು, ಹಾಸಿಗೆ ಹಾಸಿದ ಹೋಟೆಲು, ಬಾಡಿಗೆಯ ಗಾಡಿ ಎಲ್ಲ ಬಂದವು. ಬಂಡೆ ಹತ್ತುವವರೂ ಸೇರಿಕೊಂಡರು. ಪ್ರವಾಸಿಗರು ಇದನ್ನು ‘ಹಿಪ್ಪಿ ಐಲ್ಯಾಂಡ್’ ಎಂದೇ ಕರೆದರು. ಹಂಪಿ 1986ರಲ್ಲಿ ವಿಶ್ವ ಪರಂಪರೆಯ ಪಟ್ಟಿ ಸೇರಿತ್ತು. ಸ್ಮಾರಕಗಳ ನಡುವೆ ತೂಗುಸೇತುವೆಗಳು ಏಳತೊಡಗಿದಾಗ, 1999ರಲ್ಲಿ ಅಪಾಯದ ಪಟ್ಟಿಗೂ ಸೇರಿತು. 2006ರಲ್ಲಿ ಅದರಿಂದ ಹೊರಬಂತು. ಗಡ್ಡೆಯ ರಕ್ಷಿತ ಪ್ರದೇಶದಲ್ಲಿ ಕಟ್ಟಿದ ರೆಸಾರ್ಟುಗಳ ವ್ಯಾಜ್ಯ ಸುಪ್ರೀಂ ಕೋರ್ಟಿನವರೆಗೆ ಹೋಗಿ, 2020ರ ಫೆಬ್ರವರಿಯಲ್ಲಿ ತೆರವಿನ ತೀರ್ಪು ಬಂತು. ಮಾರ್ಚಿನಲ್ಲಿ ಜೆಸಿಬಿಗಳು ಬಂದು ಅವನ್ನು ಕೆಡವಿದವು.

ತೀರ್ಪು ಸರಿಯೇ. ಒಮ್ಮೆ ಅಗೆದುಹಾಕಿದ ನೆಲದಿಂದ ಚರಿತ್ರೆಯನ್ನು ಮತ್ತೆ ಹೆಕ್ಕಲಾಗದು. ಆದರೆ ಬಂದವರಿಗೆ ಅನ್ನ, ನೆರಳು ಕೊಟ್ಟು ಬದುಕು ಕಟ್ಟಿಕೊಂಡಿದ್ದ ಸ್ಥಳೀಯರಿಗೆ ಸ್ಮಾರಕಗಳ ಕಾವಲು, ಮಾರ್ಗದರ್ಶನದ ಕೆಲಸಗಳಲ್ಲಿ ಮೊದಲ ಪಾಲು ಸಿಗಬೇಕು. ಇಲ್ಲದಿದ್ದರೆ ಪರಂಪರೆ ಎಂಬುದು ಅವರ ಪಾಲಿಗೆ ಬೇಲಿಯಷ್ಟೇ ಆಗುತ್ತದೆ.

ನೋಡಲು ಹೋಗುವವರಿಗೆ ಎರಡು ಮಾತು. ಮೇಲ್ಗಾಲುವೆಯ ಕಂಬಗಳನ್ನು ಹತ್ತಬೇಡಿ. ಮಳೆಗಾಲದಲ್ಲಿ ಹೊಸಪೇಟೆಯ ಅಣೆಕಟ್ಟೆಯಿಂದ ನೀರು ಬಿಟ್ಟಿದ್ದಾರೆಯೇ ಎಂದು ವಿಚಾರಿಸದೆ ಹೊರಡಬೇಡಿ. 2019ರ ಆಗಸ್ಟ್ ಪ್ರವಾಹದಲ್ಲಿ ಗಡ್ಡೆಯಲ್ಲಿ ಸಿಕ್ಕಿಬಿದ್ದ ಪ್ರವಾಸಿಗರನ್ನು ಹೊರತರಲು ಹೆಲಿಕಾಪ್ಟರ್ ಬರಬೇಕಾಯಿತು.